ಏಲಕ್ಕಿ ಕೋಣೆಯ ಐಸ್ ಕ್ರೀಮ್

ಸೋಮವಾರಪೇಟೆಯಲ್ಲಿ ಐಸ್ ಕ್ರೀಮ್ ಅಂಗಡಿ ಇಡುತ್ತೇವೆ ಅಂದಾಗ ನಗದವರೇ ಇರಲಿಲ್ಲ. ವರ್ಷದ ಅರ್ಧ ಭಾಗ ಸ್ವೆಟರ್ ಬಿಚ್ಚದ ಊರು ನಮ್ಮದು. ಹಾಸನದಲ್ಲಿರುವ ನನ್ನ ನಾದಿನಿ ಫೋನ್ ಮಾಡಿ, "ಅತ್ತಿಗೆ, ನಿಮ್ಮೂರ ಮಳೇಲಿ ಜನ ಬಿಸಿ ಬೋಂಡ ಹುಡುಕ್ತಾರೆ. ಯಾರು ತಿಂತಾರೆ ಐಸ್ ಕ್ರೀಮು?" ಎಂದು ಬುದ್ಧಿ ಹೇಳಿದಳು. "ಮಳೇಲಿ ಬಾಗಿಲು ಹಾಕ್ತೀವಿ. ಬೇಸಿಗೇಲಿ ಬಾ, ನಿಂಗೂ ಕೊಡ್ತೀವಿ, ದುಡ್ಡು ತಗೊಂಡೇ" ಎಂದು ಫೋನ್ ಇಟ್ಟೆ. ನನ್ನ ಬಾಯಿ ಜೋರು ಎಂಬುದು ಊರಿಗೇ ಗೊತ್ತು. ಆದರೆ ಆ ದಿನಗಳಲ್ಲಿ ಬಾಯಿ ಜೋರು ಮಾಡಿದಷ್ಟೂ ಒಳಗೆ ಭಯ ಹೆಚ್ಚುತ್ತಿತ್ತು. ಅಂಗಡಿ ಮುಳುಗಿದರೆ ಮುಳುಗಲಿ, ಅದಕ್ಕೆ ನಾನು ಅಷ್ಟಾಗಿ ಹೆದರಿರಲಿಲ್ಲ. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಕೆಲಸಕ್ಕೆ ಹೊರಡುವ ಗಂಡ ನನಗೆ ಮತ್ತೆ ಬೇಕಾಗಿತ್ತು. ನಮ್ಮ ಮನೆಯವರು ಹಜಾರದ ಬೆಂಚಿನ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಲು ತೊಡಗಿ ವರ್ಷವೇ ಕಳೆದಿತ್ತು.

ಅವರದು ಏಲಕ್ಕಿ ವ್ಯಾಪಾರ, ಮಾವನವರ ಕಾಲದಿಂದ ಬಂದದ್ದು. ತೋಟದವರ ಮನೆಗೆ ಹೋಗಿ ಕೊಳ್ಳುವುದು, ಸಂತೆ ದಿನ ಚೀಲ ಹೊತ್ತು ಬಂದವರಿಂದ ಕೊಳ್ಳುವುದು, ಬೀದಿ ಕಡೆಯ ಕೋಣೆಯಲ್ಲಿ ತುಂಬಿಟ್ಟು ಬೆಲೆ ಬಂದಾಗ ಕಳಿಸುವುದು. ಈ ವ್ಯಾಪಾರಕ್ಕೆ ಕಣ್ಣಿಗಿಂತ ಮೂಗು ಮುಖ್ಯ. ನಾಲ್ಕು ಕಾಯಿ ಅಂಗೈಗೆ ಹಾಕಿ, ಇನ್ನೊಂದು ಅಂಗೈಯಿಂದ ಉಜ್ಜಿ, ಕಣ್ಣು ಮುಚ್ಚಿ ಒಂದೇ ಒಂದು ಉಸಿರು ಎಳೆದುಕೊಳ್ಳುತ್ತಿದ್ದರು. "ಹಸಿ ಸೌದೆ ಹೊಗೇಲಿ ಒಣಗಿಸಿದೀರಿ" ಎನ್ನುವರು. "ಗೌಡ್ರೇ, ಇದ್ರಲ್ಲಿ ಹೋದ ವರ್ಷದ್ದು ಸೇರ್ಕೊಂಡೈತಲ್ಲ" ಎನ್ನುವರು. ಗೌಡರು ಮೊದಲು ರೇಗಿ, ಆಮೇಲೆ ನಕ್ಕು ಒಪ್ಪಿಕೊಳ್ಳುತ್ತಿದ್ದರು. ಮದುವೆಯಾದ ಹೊಸದರಲ್ಲಿ ನಾನು ಸಾರು ಸೀಯಿಸಿ, ಯಾರಿಗೂ ಕಾಣದ ಹಾಗೆ ಹಿತ್ತಲಿಗೆ ಚೆಲ್ಲಿ, ಪಾತ್ರೆ ಬೆಳಗಿಟ್ಟರೂ ಅವರು ಸಂತೆಯಿಂದ ಬಂದವರೇ ಬಾಗಿಲಲ್ಲಿ ನಿಂತು, "ಎಲ್ಲಿ ಚೆಲ್ಲಿದೆ?" ಎಂದು ಕೇಳುತ್ತಿದ್ದರು. ಅಂಥ ಮೂಗಿನ ಜೊತೆ ಸಂಸಾರ ಮಾಡುವುದು ಪೊಲೀಸಿನವನ ಜೊತೆ ಮಾಡಿದ ಹಾಗೆ.

ನನ್ನನ್ನು ನೋಡಲು ಬಂದ ದಿನ ಅವರು ಕೂತೆದ್ದ ಚಾಪೆಯಲ್ಲಿ ಏಲಕ್ಕಿ ಘಮ ಉಳಿದಿತ್ತು. ಹುಡುಗ ಹೇಗಿದ್ದಾನೆ ಎಂದು ಅಮ್ಮ ಕೇಳಿದಾಗ, "ಪಾಯಸದ ಹಂಗೆ" ಎಂದು ತಲೆಗೆ ಮೊಟಕಿಸಿಕೊಂಡೆ. ಮದುವೆಯಾಗಿ ಬಂದ ಮೊದಲ ರಾತ್ರಿಗಳಲ್ಲಿ ಅವರ ಕುತ್ತಿಗೆಯಲ್ಲೂ ದಿಂಬಿನಲ್ಲೂ ಅದೇ ಘಮ. ನಾನು ಒಲಿದದ್ದು ಮೊದಲು ಅದಕ್ಕೆ, ಆಮೇಲೆ ಮನುಷ್ಯನಿಗೆ. ಆದರೆ ಒಂದು ಮಳೆಗಾಲ ಕಳೆಯುವುದರೊಳಗೆ ನನಗೆ ಅದು ಸಿಗದಾಯಿತು. ಆ ಮನೆಯಲ್ಲಿ ಇರುವವರಿಗೆ ಗೊತ್ತಾಗುವುದೇ ಇಲ್ಲ. ಬಂದ ನೆಂಟರು ಹೊಸ್ತಿಲಲ್ಲಿ ನಿಂತು "ಅಬ್ಬಾ, ಏನ್ ಘಮಾ!" ಅಂದಾಗ ಮಾತ್ರ ನೆನಪಾಗುತ್ತಿತ್ತು. ಏಲಕ್ಕಿ ಉಜ್ಜಿ ಮೂಗಿಗೇ ಹಿಡಿಯುತ್ತಿದ್ದ ಅವರಿಗೆ ಏಲಕ್ಕಿಯಲ್ಲಿ ನೂರು ಬಗೆ ತಿಳಿಯುತ್ತಿತ್ತು. ಸುಮ್ಮನೆ ಅದರ ನಡುವೆ ಬದುಕಿದ ನನಗೆ ಒಂದೂ ಉಳಿಯಲಿಲ್ಲ.

ಕೊರೋನಾ ಎರಡನೇ ಸಲ ಬಂದಾಗ ಅವರಿಗೆ ಜ್ವರ ಬಂತು. ಜ್ವರ ಹೋಯಿತು, ಕೆಮ್ಮು ಹೋಯಿತು, ಮೂಗು ಮಾತ್ರ ಬರಲಿಲ್ಲ. ಬೇರೆಯವರಿಗೆಲ್ಲ ಕೆಲವು ವಾರದಲ್ಲಿ ಬಂದದ್ದು ಇವರಿಗೂ ಬರುತ್ತದೆಂದು ಕಾದೆವು. ಕಾಯುತ್ತಾ ಕಾಯುತ್ತಾ ವ್ಯಾಪಾರವನ್ನೂ ಮಾಡಿದರು, ಬಣ್ಣ ನೋಡಿ, ಕಾಯಿ ಅಲ್ಲಾಡಿಸಿ ಬೀಜದ ಸದ್ದು ಕೇಳಿ. ಒಂದು ಸಲ ಮುಗ್ಗಲು ಹಿಡಿದ ಏಲಕ್ಕಿಯನ್ನು ಒಂದನೇ ದರ್ಜೆಯದೆಂದು ಕೊಂಡರು. ಕಳಿಸಿದ್ದು ಹಾಗೆಯೇ ವಾಪಸು ಬಂತು. ಸಂತೆಯಲ್ಲಿ ಸುದ್ದಿ ಹಬ್ಬಲು ಎಷ್ಟು ಹೊತ್ತು ಬೇಕು? ಮುಂದಿನ ವಾರ ಕೆಲವರು ಬೇಕೆಂದೇ ಕೆಟ್ಟ ಮಾಲು ತಂದು ಇವರ ಮುಂದೆ ಸುರಿದು, ಇವರು ಅಂಗೈಯಲ್ಲಿ ಉಜ್ಜಿ ಕಣ್ಣು ಮುಚ್ಚುವುದನ್ನು ನೋಡಿ ಹಿಂದೆ ನಿಂತು ನಕ್ಕರಂತೆ. ಆ ದಿನ ಮನೆಗೆ ಬಂದು ಬೆಂಚಿನ ಮೇಲೆ ಮಲಗಿದವರು ಮತ್ತೆ ಸಂತೆಗೆ ಹೋಗಲಿಲ್ಲ. ಗಡ್ಡ ಬಿಟ್ಟರು. ಊಟಕ್ಕೆ ಕರೆದರೆ, "ಹಾಕು, ಎಲ್ಲಾ ಒಂದೇ" ಅನ್ನುವರು. ನಾನು ಬೈದೆ, ಕಣ್ಣೀರು ಹಾಕಿದೆ, ಪೂಜೆ ಮಾಡಿಸಿದೆ, ಮತ್ತೆ ಬೈದೆ.

ಹೀಗಿರುವಾಗ ಒಂದು ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದೆ. ಅವರು ಎದ್ದು ಬಂದು ಬಾಗಿಲಲ್ಲಿ ನಿಂತು, "ಏನೇ, ಕಾಫಿ ವಾಸನೆ ಬಂತು ಕಣೇ" ಅಂದರು. ಅದೇ ದಿನ ಬಸವಣ್ಣನ ಗುಡಿಗೆ ಹೋಗಿ ತೆಂಗಿನಕಾಯಿ ಒಡೆದು, ದಾರಿಯುದ್ದಕ್ಕೂ ಸಿಕ್ಕವರಿಗೆಲ್ಲ ಸ್ವೀಟು ಹಂಚಿ ಹೇಳಿಕೊಂಡು ಬಂದೆ. ಏಲಕ್ಕಿಗೆ ಮತ್ತೆ ಇಳಿಯಿರಿ ಎಂದರೆ ಮಾತ್ರ ಒಪ್ಪಲಿಲ್ಲ. "ನಕ್ಕೋರ ಮುಖ ನೋಡಲ್ಲ. ಬೇರೆ ಏನಾದ್ರೂ ಮಾಡಾಣ" ಎಂದರು. ಆ 'ಮಾಡಾಣ' ಎಂಬ ಮಾತು ನನಗೆ ಸಾಕಾಗಿತ್ತು. ನಮ್ಮ ಬೀದಿಯಲ್ಲೇ ಮಲ್ಲಳ್ಳಿ ಜಲಪಾತಕ್ಕೆ ಹೋಗುವ ಕಾರುಗಳು ಬೇಸಿಗೆ ರಜೆಯಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ಪಕ್ಕದ ಬೇಕರಿಯವರ ಹತ್ತಿರ ಆ ಮಕ್ಕಳೆಲ್ಲ ಐಸ್ ಕ್ರೀಮ್ ಕೇಳಿ, ಇಲ್ಲವೆಂದಾಗ ಅಳುತ್ತಾ ಹೋಗುವುದನ್ನು ನಾನೇ ನೋಡಿದ್ದೆ. ಹಾಗೆ ಹುಟ್ಟಿದ್ದು ಈ ಅಂಗಡಿ.

ಹಾಸನದಲ್ಲಿ ಮದುವೆ ಮನೆಗಳಿಗೆ ಐಸ್ ಕ್ರೀಮ್ ಮಾಡಿಕೊಡುವವರೊಬ್ಬರ ಬಳಿ ನಮ್ಮ ಮನೆಯವರು ಹೋಗಿ ಕೆಲಸ ಕಲಿತು ಬಂದರು. ಗಡ್ಡ ತೆಗೆಸಿಕೊಂಡೇ ಬಂದರು. ನಮ್ಮದು ಮೊಟ್ಟೆ ಮುಟ್ಟದ ಮನೆ, ಆದ್ದರಿಂದ ಮೊಟ್ಟೆ ಇಲ್ಲದ ಬಗೆಯನ್ನೇ ಕಲಿತಿದ್ದರು: ಹಾಲು ಸಕ್ಕರೆ ಕೆನೆ ಹಾಲಿನ ಪುಡಿ ಸೇರಿಸಿ ಕುದಿಸುವುದು, ಆರಿಸುವುದು, ತಣ್ಣಗೆ ಇಡುವುದು, ಮರುದಿನ ಮೆಷಿನ್ನಿಗೆ ಹಾಕಿ ಕಡೆಯುವುದು. ಮೊದಮೊದಲು ನಮ್ಮ ಅಡುಗೆಮನೆಯಲ್ಲೇ ಸ್ವಲ್ಪ ಸ್ವಲ್ಪ ಮಾಡಿ ನೋಡಿದೆವು. ವೆನಿಲ್ಲಾ, ಮಾವು, ಕಾಫಿ. ಶನಿವಾರಸಂತೆ ಊರಿಗೆ ಮದುವೆ ಮಾಡಿಕೊಟ್ಟ ಮಗಳು ಬಂದು ತಿಂದು, ಬಟ್ಟಲು ನೆಕ್ಕಿ ಹೋದಳು. ಪ್ರತಿ ಸಲವೂ ಅವರು ಚಮಚ ಬಾಯಿಗಿಟ್ಟು, ಕಣ್ಣು ಮುಚ್ಚಿ, ಹಳೆಯ ಭಂಗಿಯಲ್ಲೇ ಒಂದು ಉಸಿರೆಳೆದುಕೊಂಡು, "ನೀನ್ ಹೇಳು ಮೊದ್ಲು" ಎನ್ನುತ್ತಿದ್ದರು. ನಾನು ಸಿಹಿ ಹೆಚ್ಚೆಂದರೆ, "ಹೂಂ, ಹೆಚ್ಚೇ" ಎನ್ನುವರು. ನುಣುಪು, ಗಟ್ಟಿ, ಹರಳು, ತಣ್ಣಗಿರುವ ಬಗೆ ಇವುಗಳ ಬಗ್ಗೆ ಮಾತ್ರ ತಾವಾಗಿಯೇ ಗಂಟೆಗಟ್ಟಲೆ ಹೇಳುವರು. ಆ ಕಣ್ಣು ಮುಚ್ಚಿದ ಮುಖ ನೋಡಿ ನನಗೆ ಎಷ್ಟು ಹಿತವಾಗುತ್ತಿತ್ತೆಂದರೆ ಬೇರೇನೂ ಹೊಳೆಯಲಿಲ್ಲ.

ಅಂಗಡಿಗೆ ಏಲಕ್ಕಿ ಕೋಣೆಯನ್ನೇ ಆರಿಸಿಕೊಂಡೆವು. ಬೀದಿಗೆ ಬಾಗಿಲಿರುವುದು ಅದೊಂದಕ್ಕೇ. ಏಲಕ್ಕಿಗೆ ಬೆಳಕು ತಾಗಿದರೆ ಹಸಿರು ಇಳಿಯುತ್ತದೆ, ಗಾಳಿ ತಾಗಿದರೆ ಘಮ ಹಾರುತ್ತದೆ. ಅದಕ್ಕೇ ಮಾವನವರು ಕಿಟಕಿ ಇಡದೆ ಕಟ್ಟಿಸಿ, ಗೋಡೆಗೂ ಅಟ್ಟಕ್ಕೂ ಹಲಗೆ ಹೊಡೆಸಿದ್ದರು. ಗಾಜಿನ ಮುಚ್ಚಳದ ಫ್ರೀಜರ್ ಬಂತು. ಅದನ್ನು ಲಾರಿಯಿಂದ ಇಳಿಸುವಾಗ ಎದುರುಮನೆಯಾಕೆ "ಮೂಗಿಗಿಂತ ಮೂಗುತಿ ಭಾರ ಆಯ್ತು" ಅಂದದ್ದು ನನ್ನ ಕಿವಿಗೆ ಬಿತ್ತು. "ನಮ್ಮ ಮೂಗು ಗಟ್ಟಿಯಾಗೈತೆ, ಹೊರ್ತದೆ" ಎಂದು ಕೂಗಿ ಹೇಳಿದೆ. ಕಡೆಯುವ ಮೆಷಿನ್ ಬಂತು, ಹಿಂಭಾಗಕ್ಕೆ ಗ್ಯಾಸಿನ ಒಲೆ ಬಂತು. ಹಲಗೆ ತೆಗೆಸಿ ಟೈಲ್ಸ್ ಹಾಕಿಸೋಣವೆಂದೆ. "ಅಪ್ಪ ಹೊಡೆಸಿದ್ದು. ಅದನ್ನ ಮುಟ್ಟೋದು ಬೇಡ" ಎಂದರು. ಅವರು ಅಷ್ಟು ದಿನದ ಮೇಲೆ ಒಂದು ವಿಷಯಕ್ಕೆ ಹಟ ಹಿಡಿದದ್ದೇ ಸಂತೋಷವಾಗಿ ನಾನು ಸುಮ್ಮನಾದೆ. ಹಲಗೆಗಳನ್ನು ಸೋಪಿನ ನೀರಲ್ಲಿ ಒರೆಸಿ, ಮೇಲೆ ಬಣ್ಣದ ಕಾಗದ ಅಂಟಿಸಿದೆವು. ಪಕ್ಕದ ಬೇಕರಿಯವರು ಕಣ್ಣೂರಿನ ಕಡೆಯಿಂದ ಬಂದು ನಮ್ಮೂರಲ್ಲೇ ನೆಲೆಸಿದವರು, ಎಲ್ಲರಿಗೂ ಚೇಟ, ಅವರ ಮಾತಲ್ಲಿ ಅಣ್ಣ. ಅವರು ಬಾಗಿಲಲ್ಲಿ ಬಂದು ನಿಂತು ಮೂಗೆಳೆದು, "ಒಳ್ಳೇ ವಾಸನೆ ಉಂಟಲ್ಲಾ ಅಕ್ಕಾ ಇಲ್ಲಿ" ಅಂದರು. ನಾನು ಹೊಗಳಿಕೆ ಎಂದುಕೊಂಡೆ.

ಬಸವ ಜಯಂತಿಯ ದಿನ ಅಂಗಡಿ ಶುರು. ಆ ದಿನಕ್ಕೆ ಮುಹೂರ್ತ ಕೇಳಬೇಕಾಗಿಲ್ಲ. ಮಠದ ಅಯ್ಯನವರನ್ನು ಕರೆಸಿ, ಪೂಜೆ ಮಾಡಿಸಿ, ಮೊದಲ ಐಸ್ ಕ್ರೀಮನ್ನು ದೇವರಿಗೆ ಎಡೆ ಮಾಡುವುದೆಂದು ಗೊತ್ತಾಯಿತು. ಎಡೆಗೆ ಇಡುವುದನ್ನು ಮೊದಲೇ ನಾಲಗೆಗೆ ಮುಟ್ಟಿಸುವ ಹಾಗಿಲ್ಲ. ನಮ್ಮ ಮನೆಯ ಹಬ್ಬದಡುಗೆಯೆಲ್ಲ ಹಾಗೆಯೇ: ಉಪ್ಪು ಹುಳಿ ಖಾರ ಎಲ್ಲವನ್ನೂ ಏಳುವ ಆವಿಯಲ್ಲೇ ಹಿಡಿಯಬೇಕು. ಅತ್ತೆ ನನಗೆ ಆ ವಿದ್ಯೆ ಕಲಿಸಲು ಮೂರು ಹಬ್ಬ ಅಳಿಸಿದ್ದರು. ಆದ್ದರಿಂದ ಆ ಕೋಣೆಯಲ್ಲಿ ಮೊತ್ತಮೊದಲ ಬಾರಿಗೆ ಕಾಸಿ, ಅಗಲದ ಪಾತ್ರೆಗಳಲ್ಲಿ ಬಟ್ಟೆ ಮುಚ್ಚಿ ಆರಿಸಿ, ಅಲ್ಲೇ ಕಡೆದ ಐಸ್ ಕ್ರೀಮನ್ನು ನಾವಿಬ್ಬರೂ ತಿಂದು ನೋಡಲಿಲ್ಲ. ನಾನು ಮೂಸಿದೆ, ನನಗೆ ಹಾಲಿನ ವಾಸನೆಯೇ ಬಂತು. ನನ್ನದೇನು, ಊರೇ ಒಪ್ಪಿದ ಮೂಗು ಮನೆಯಲ್ಲಿದೆಯಲ್ಲ! ಡಬ್ಬಿಯ ಮುಚ್ಚಳ ತೆಗೆದು ಅವರ ಮುಂದೆ ಹಿಡಿದೆ. ಅವರು ಬಗ್ಗಿ, ಕಣ್ಣು ಮುಚ್ಚಿ, ಉಸಿರೆಳೆದು, "ಸರಿಯಾಗೈತೆ" ಅಂದರು.

ಎಡೆ ಆಯಿತು. ಅಯ್ಯನವರಿಗೆ ವೆನಿಲ್ಲಾ ಕೊಟ್ಟೆ. ಒಂದು ಚಮಚ ತಿಂದು, "ಏಲಕ್ಕಿದು ಮಾಡಿದೀಯೇನಮ್ಮಾ? ಒಳ್ಳೇದು" ಎಂದರು. ವಯಸ್ಸಾಗಿದೆ, ಪಾಪ, ಎಂದುಕೊಂಡೆ. ಆಮೇಲೆ ಬೀದಿಯವರು, ನೆಂಟರು, ಜಲಪಾತಕ್ಕೆ ಹೊರಟವರು. ಮೊದಲ ಚಮಚಕ್ಕೆ ಎಲ್ಲರ ಮುಖವೂ ಅರಳುತ್ತಿತ್ತು. ಎರಡನೆಯದಕ್ಕೆ ಏನೋ ಹುಡುಕುವ ಹಾಗಾಗುತ್ತಿತ್ತು. ಮೂರನೆಯದಕ್ಕೆ ಕಪ್ಪಿನೊಳಗೆ ನೋಡಿಕೊಳ್ಳುತ್ತಿದ್ದರು. ಉದ್ಘಾಟನೆ ದಿನ, ಎದುರಿಗೆ ನಾವೇ ನಿಂತಿದ್ದೇವೆ, ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವರ ಹಾಗೆ ಉಗುಳಲೂ ಆರರು, ನುಂಗಲೂ ಆರರು. ಕಾರಿನಿಂದಿಳಿದ ಒಂದು ಪುಟ್ಟ ಹುಡುಗಿ ಮಾತ್ರ ಮುಲಾಜಿಲ್ಲದೆ, "ಮಮ್ಮಿ, ಇದು ಔಷಧಿ" ಎಂದು ಕಪ್ಪನ್ನು ಮೆಟ್ಟಿಲ ಮೇಲಿಟ್ಟು ಹೋದಳು. ಸಂಜೆ ಕಸದ ಬುಟ್ಟಿ ಎತ್ತಲು ಹೋದರೆ ಅದು ಭಾರವಾಗಿತ್ತು. ಒಳಗೆ ಅರ್ಧ ತಿಂದ ಕಪ್ಪುಗಳು ಕರಗಿ ಒಂದಾಗಿದ್ದವು.

ಮನೆಯವರೂ ನಾನೂ ಆಗ ತಿಂದು ನೋಡಿದೆವು. ಚೆನ್ನಾಗಿಯೇ ಇತ್ತು! "ನಮ್ಮ ಜನಕ್ಕೆ ಇದರ ಅಭ್ಯಾಸ ಇಲ್ಲ. ನಿಧಾನಕ್ಕೆ ಆಯ್ತದೆ" ಎಂದು ಅವರು ನನಗೇ ಧೈರ್ಯ ಹೇಳಿದರು. ಮರುದಿನ ಬಂದವರು ಕಡಿಮೆ. ಅದರ ಮರುದಿನ ಇನ್ನೂ ಕಡಿಮೆ. ಬಿಸಿಲು ಸುಡುತ್ತಿತ್ತು, ರಜೆಯ ಕಾರುಗಳು ಸಾಲಾಗಿ ನಿಲ್ಲುತ್ತಿದ್ದವು, ಜನ ಬೇಕರಿಯಲ್ಲಿ ಜ್ಯೂಸ್ ಬಾಟಲಿ ಕೊಂಡು ನಮ್ಮ ಬಾಗಿಲ ಮುಂದೆಯೇ ನಿಂತು ಕುಡಿಯುತ್ತಿದ್ದರು. ನಮ್ಮ ಮನೆಯವರು ಇಸ್ತ್ರಿ ಅಂಗಿ ತೊಟ್ಟು, ಸ್ಕೂಪ್ ಹಿಡಿದು, ಫ್ರೀಜರಿನ ಹಿಂದೆ ನಿಂತೇ ಇರುತ್ತಿದ್ದರು. ಯಾರಾದರೂ ಕಣ್ಣೆತ್ತಿ ನೋಡಿದರೆ, "ಬನ್ನಿ, ಬನ್ನಿ" ಎನ್ನುವರು. ಆ 'ಬನ್ನಿ' ಕೇಳಿದಾಗಲೆಲ್ಲ ನಾನು ಒಳಗೆ ಹೋಗಿ ಹಜಾರದ ಬೆಂಚನ್ನು ನೋಡಿ ಬರುತ್ತಿದ್ದೆ. ಮತ್ತೆ ಬೆಂಚಿಗೆ ಹೋಗಿ ಮಲಗಿದರೆ ಈ ಸಲ ಏಳಲಾರರು ಎಂಬ ಹೆದರಿಕೆ.

ಒಂದು ಮಧ್ಯಾಹ್ನ ಬೇಕರಿಗೆ ಬ್ರೆಡ್ಡಿಗೆ ಹೋದಾಗ ಚೇಟ ಗಿರಾಕಿಗಳು ಹೋಗುವ ತನಕ ಕಾದು, ದನಿ ತಗ್ಗಿಸಿ ಹೇಳಿದರು. "ಅಕ್ಕಾ, ಬೇಜಾರು ಮಾಡ್ಬಾರ್ದು. ವೆನಿಲ್ಲಾ ತಿಂದ್ರೂ ಏಲಕ್ಕಿ, ಮ್ಯಾಂಗೋ ತಿಂದ್ರೂ ಏಲಕ್ಕಿ. ಒಳ್ಳೇ ಏಲಕ್ಕಿ ಆದ್ರೆ ಪರ್ವಾಗಿಲ್ಲ. ಇದು ಹಳೇ ಹೊಗೆ, ಹಳೇ ಗೋಣಿಚೀಲ. ಆ ರೂಮಲ್ಲಿ ಉಂಟು ಅಕ್ಕಾ ಅದು, ಹಲಗೆ ಒಳಗೆ. ಹಾಲು ಎಲ್ಲಾ ಎಳ್ಕೊಳ್ತದೆ."

ನನಗೆ ಸಿಟ್ಟು ನೆತ್ತಿಗೇರಿತು. "ನಮ್ಮ ಅಂಗಡಿ ನಡೆದ್ರೆ ನಿಮ್ಮ ಜ್ಯೂಸು ಹೋಗಲ್ಲ ಅಂತ ತಾನೇ?" ಅಂದೆ. ಪಾಪ, ಮನುಷ್ಯ ಸಿಟ್ಟಾಗಲಿಲ್ಲ. "ನನ್ನ ಮಾತು ಬೇಡ. ಅಣ್ಣನ ಮೂಗು ಉಂಟಲ್ಲ, ವಾಪಸ್ ಬಂದಿದೆ ಅಂತ ನೀವೇ ಸ್ವೀಟ್ ಹಂಚಿದ್ದು. ಅವರನ್ನೇ ಕೇಳಿ ನೋಡಿ" ಅಂದರು.

ಕೇಳಿಯೇ ಬಿಡುತ್ತೇನೆ ಎಂದು ಬಿರಬಿರನೆ ಹೊರಟೆ. ಬೇಕರಿಯ ಮೆಟ್ಟಿಲು ಇಳಿಯುವಾಗಲೇ ಸೀದ ಹಾಲಿನ ವಾಸನೆ ಮೂಗಿಗೆ ಬಡಿಯಿತು. ಎದುರುಮನೆಯಾಕೆ ಕಿಟಕಿಯಿಂದ, "ನಿಮ್ಮನೇದೇ ನೋಡಮ್ಮಾ" ಎಂದು ಕೂಗಿದಳು. ಒಲೆ ಮೇಲೆ ಹಾಲಿಟ್ಟು ಎಲ್ಲೋ ಹೋಗಿದ್ದಾರೆ ಎಂದುಕೊಂಡು ಓಡಿದೆ. ಅವರು ಎಲ್ಲಿಗೂ ಹೋಗಿರಲಿಲ್ಲ. ಒಲೆಯ ಮುಂದೆಯೇ ನಿಂತಿದ್ದರು. ಕೈಯಲ್ಲಿ ಸೌಟು, ಪಾತ್ರೆಯಲ್ಲಿ ಮೇಲುಮೇಲಕ್ಕೆ ಹದವಾಗಿ ಆಡಿಸುತ್ತಾ, ಬಾಯಲ್ಲಿ ಏನೋ ಗುನುಗುತ್ತಾ ಇದ್ದರು. ಹಾಲಿನ ಬಣ್ಣ ಆಗಲೇ ತಿರುಗಿತ್ತು, ಅಂಚಿನಿಂದ ಹೊಗೆ ಏಳುತ್ತಿತ್ತು, ಕಿಟಕಿ ಇಲ್ಲದ ಕೋಣೆಯ ಮಬ್ಬಿನಲ್ಲಿ ಅವರಿಗೆ ಅದು ಆವಿಯ ಹಾಗೆ ಕಂಡಿರಬೇಕು. ನನ್ನನ್ನು ನೋಡಿ ನಕ್ಕು, "ಇನ್ನೊಂದು ಕುದಿ ಬಂದ್ರೆ ಹದ ಆಯ್ತದೆ" ಅಂದರು.

ನಾನು ಒಲೆ ಆರಿಸಿದೆ. ಅವರು ನನ್ನ ಮುಖ ನೋಡಿದರು, ಪಾತ್ರೆ ನೋಡಿದರು, ಸೌಟಿನಿಂದ ತಳ ಕೆರೆದು ನೋಡಿದರು. ಕರಿ ಹಕ್ಕಳೆ ಎದ್ದು ಬಂತು.

"ಎಷ್ಟು ದಿನದಿಂದ?" ಎಂದೆ.

"ಬಂದೇ ಇಲ್ಲ ಕಣೇ."

"ಕಾಫಿ ವಾಸನೆ ಅಂದ್ರಲ್ಲ?"

"ನೀನು ಲೋಟಕ್ಕೆ ಕಾಫಿ ಸೋಸೋ ಸದ್ದು ಕೇಳ್ತು." ಸೌಟಿನ ಹಕ್ಕಳೆ ಬಿಡಿಸುತ್ತಾ, "ನೀನು ದಿನಾ ನನ್ನ ಮುಖ ನೋಡ್ಕೊಂಡು ಕೂರ್ತಿದ್ದೆ. ಅದನ್ನ ನೋಡಕ್ಕೆ ಆಗ್ಲಿಲ್ಲ" ಎಂದರು.

ನನಗೆ ಬಂದ ಸಿಟ್ಟು ಎಂಥದ್ದೆಂದು ಈಗಲೂ ಸರಿಯಾಗಿ ಹೇಳಲಾರೆ. ಹಾಲು ಸೀದದ್ದಕ್ಕಲ್ಲ. ಆ ಕಣ್ಣು ಮುಚ್ಚುವುದು, ಆ ಉಸಿರು ಎಳೆಯುವುದು, ನಾನು ಅದನ್ನು ನೋಡಿ ನೋಡಿ ಬದುಕಿಕೊಂಡಿದ್ದೆ; ಅಷ್ಟೂ ನಾಟಕವಾಗಿತ್ತು. ಗುಡಿಯಲ್ಲಿ ಒಡೆದ ಕಾಯಿ, ಹಂಚಿದ ಸ್ವೀಟು, ಬೀದಿಯಲ್ಲಿ ಹೇಳಿಕೊಂಡು ಬಂದ ಮಾತು ಎಲ್ಲಾ ನೆನಪಾಗಿ ಮೈ ಉರಿಯಿತು. "ನಿಮ್ಮ ಮೂಗು ಹೋದ್ರೆ ಹೋಗ್ಲಿ, ನಾಲಗೆ ನೆಟ್ಟಗಿರಬೇಕಿತ್ತು" ಎಂದೆ. ಕೂಗಿಯೇ ಹೇಳಿದೆ, ಬೀದಿಗೆ ಕೇಳಿಸಿದ್ದರೂ ಕೇಳಿಸಿರಬಹುದು. ಅವರು ಸೌಟನ್ನು ತೊಳೆದು ಮೊಳೆಗೆ ನೇತು ಹಾಕಿದರು. ನಾನು ಬಟ್ಟೆ ಚೀಲಕ್ಕೆ ತುಂಬಿಕೊಂಡು ಮಗಳ ಮನೆಗೆ ಬಸ್ಸು ಹತ್ತಿದೆ.

ಶನಿವಾರಸಂತೆಯಲ್ಲಿ ಮಗಳು ಏನೂ ಕೇಳಲಿಲ್ಲ. ಅವಳಿಗೆ ನನ್ನ ಸಿಟ್ಟಿನ ಲೆಕ್ಕ ಗೊತ್ತು, ತಾನಾಗಿ ಇಳಿಯುವ ತನಕ ಅನ್ನ ಬಡಿಸುತ್ತಾ ಇದ್ದಳು. ಅವಳದು ಶಾಲೆಯ ಹತ್ತಿರದ ಹೊಸ ಮನೆ. ಸುಣ್ಣದ, ಫಿನಾಯಿಲಿನ, ಮಗುವಿನ ಪೌಡರಿನ ವಾಸನೆ. ಒಂದು ವಾರವಾದ ಮೇಲೆ ಬೇಕರಿ ಚೇಟ ಫೋನ್ ಮಾಡಿದರು. "ಅಕ್ಕಾ, ಅಂಗಡಿ ಬಾಗಿಲು ತೆಗ್ದಿಲ್ಲ. ಅಣ್ಣ ಹೊರಗೆ ಕಾಣೋದಿಲ್ಲ. ನಾನು ದಿನಾ ಬನ್ನು ಕೊಡ್ತಾ ಇದ್ದೇನೆ, ತಗೊಳ್ತಾರೆ. ಆದ್ರೂ ನೀವು ಬಂದ್ರೆ ಒಳ್ಳೇದು." ನಾನು ಬೈದಿದ್ದ ಮನುಷ್ಯ ನನ್ನ ಗಂಡನಿಗೆ ಊಟ ಕೊಡುತ್ತಿದ್ದಾರೆ! ನಾಚಿಕೆಯಾಯಿತು. ಮೊದಲ ಬಸ್ಸಿಗೇ ಹೊರಟೆ. ದಾರಿಯುದ್ದಕ್ಕೂ ಕಣ್ಣ ಮುಂದೆ ಆ ಬೆಂಚು, ಗೋಡೆ ಕಡೆ ತಿರುಗಿದ ಬೆನ್ನು.

ಬೆಂಚು ಖಾಲಿ ಇತ್ತು. ಹಜಾರದಲ್ಲಿ ಇಲ್ಲ, ಹಿತ್ತಲಲ್ಲೂ ಇಲ್ಲ. ಒಳಗಿನಿಂದ ಏಲಕ್ಕಿ ಕೋಣೆಗೆ ಹೋಗುವ ಬಾಗಿಲನ್ನು ನೂಕಿದೆ.

ಒಂದು ವಾರ ಹೊರಗಿದ್ದು ಬಂದ ಮೂಗಿಗೆ ಮೊದಲು ಬಡಿದದ್ದು ಹಳೇ ಹೊಗೆಯ ವಾಸನೆ. ಅದರ ಹಿಂದೆಯೇ ಅದು ಬಂತು. ಚಾಪೆಯಲ್ಲಿ ಉಳಿದಿದ್ದದ್ದು, ದಿಂಬಿನಲ್ಲಿ ಇದ್ದದ್ದು, ಒಂದು ಮಳೆಗಾಲದೊಳಗೆ ನಾನು ಕಳೆದುಕೊಂಡು ಮರೆತೇ ಬಿಟ್ಟಿದ್ದು. ಮುಚ್ಚಿದ ಕೋಣೆಯಲ್ಲಿ ವಾರವಿಡೀ ಕೂಡಿಕೊಂಡು ಗೋಡೆಯಿಂದ, ಅಟ್ಟದಿಂದ ಇಳಿಯುತ್ತಿತ್ತು. ನನ್ನ ಕಣ್ಣಲ್ಲಿ ನೀರು ತುಂಬಿಕೊಂಡಿತು. ಚೇಟ ಹೇಳಿದ್ದು ನಿಜವಾಗಿತ್ತು, ಅಯ್ಯನವರ ನಾಲಗೆಯೂ ಸರಿಯಾಗಿತ್ತು. ಅಷ್ಟು ವರ್ಷ ಇದರ ನಡುವೆಯೇ ಇದ್ದೆ, ಇದರಲ್ಲೇ ಅಡುಗೆ ಮಾಡಿದೆ, ಮಗಳನ್ನು ಸಾಕಿದೆ, ಜಗಳ ಆಡಿದೆ.

ಅವರು ಫ್ರೀಜರಿನ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು. ಗಡ್ಡ ಮತ್ತೆ ಬೆಳೆದಿತ್ತು. "ಬಂದ್ಯಾ" ಎಂದರು. ನನ್ನ ಕಣ್ಣೀರು ನೋಡಿ ಎದ್ದು ಬಂದು, "ಏನಾಯ್ತೇ?" ಎಂದರು.

"ವಾಸನೆ ಬರ್ತೈತೆ ರೀ. ಏಲಕ್ಕಿದು. ನಂಗೆ ಬರ್ತೈತೆ."

ಅವರು ನನ್ನನ್ನೇ ನೋಡಿದರು. ಹಲಗೆಗಳ ಕಡೆ ನೋಡಿದರು. ಘಮವೆಲ್ಲ ಇದ್ದೂ ತಮಗೊಬ್ಬರಿಗೇ ಸಿಗದ ಕೋಣೆಯ ನಡುವೆ ನಿಂತು ಕೇಳಿದರು. "ಹೊಗೆ ಮುಂದೆ ಬರ್ತದೋ, ಏಲಕ್ಕಿ ಮುಂದೆ ಬರ್ತದೋ?"

ಅದು ಸಂತೆಯ ದನಿ. ಎಷ್ಟು ದಿನವಾಗಿತ್ತು ಕೇಳಿ. ನಾನು ಮೂಗು ಒರೆಸಿಕೊಂಡು ಉಸಿರೆಳೆದೆ. "ಹೊಗೆ. ಆಮೇಲೆ ಏಲಕ್ಕಿ."

"ಕೊನೇಲಿ?"

"ಗೋಣಿ. ಒದ್ದೆ ಗೋಣಿ ಒಣಗಿಸಿದ ಹಂಗೆ."

"ಕಹಿ ಐತಾ ಹೊಗೇಲಿ?"

"ಸ್ವಲ್ಪ."

"ಹಂಗಾದ್ರೆ ಅದು ಅಪ್ಪನ ಕಾಲದ್ದು. ಆಗ ಹಸಿ ಸೌದೇಲೇ ಒಣಗಿಸೋರು. ಮೇಲಿನ ಸಾಲಿನ ಹಲಗೇಲಿ ಕೂತೈತೆ." ಕಾಗದ ಅಂಟಿಸಿದ ಗೋಡೆಗೆ ಕೈಯಿಟ್ಟು ಸವರಿದರು. ಆಮೇಲೆ ಅವಸರದಿಂದ, "ಎಷ್ಟು ಹೊತ್ತು ಇರ್ತದೆ ನಿಂಗೆ ಇದು? ಮೊದ್ಲು ಹೋದ ಹಂಗೆ ಹೋಗ್ಬಿಡ್ತದಲ್ಲ?" ಎಂದರು. ನನಗೇನು ಗೊತ್ತು! ಅವರು ಆಗಲೇ ಹಿತ್ತಲಿಗೆ ಏಣಿ ತರಲು ಹೋಗಿದ್ದರು.

ಮಾವನವರ ಹಲಗೆಯನ್ನು ಅವರೇ ಸುತ್ತಿಗೆ ಹಿಡಿದು ಎಬ್ಬಿಸಿದರು. ಮೊದಲನೆಯದು ಬಿಟ್ಟುಕೊಳ್ಳುವಾಗ ಮೊಳೆ ಕಿರುಚಿತು, ಅವರು ಅರೆಗಳಿಗೆ ಅದರ ಮೇಲೆ ಕೈಯಿಟ್ಟು ನಿಂತರು. ಆಮೇಲೆ ನಿಲ್ಲಲಿಲ್ಲ. ಹಲಗೆ ಇಳಿಸಿ ನನ್ನ ಕೈಗೆ ಕೊಡುವರು, ನಾನು ಬೀದಿಗೆ ಸಾಗಿಸುವೆ, ಚೇಟ ಬಂದು ಒಂದೊಂದನ್ನೇ ಹೊತ್ತು ಹಿತ್ತಲಿಗೆ ಒಯ್ಯುವರು. ಹಿಂದೆ ಗೋಡೆ ಕಪ್ಪಗೆ, ಒದ್ದೆಯಾಗಿ ಕಾಣುತ್ತಿತ್ತು. ಪ್ರತಿ ಹಲಗೆಗೂ ಏಣಿಯ ಮೇಲಿನಿಂದ ಒಂದೇ ಪ್ರಶ್ನೆ: "ಈಗ ಹೆಂಗೈತೆ?" ನಾನು ಕಣ್ಣು ಮುಚ್ಚಿ ಉಸಿರೆಳೆದು ಹೇಳುತ್ತಿದ್ದೆ. ಹೊಗೆ ಇಳಿದಿದೆ. ಗೋಣಿ ಇನ್ನೂ ಇದೆ. ಈ ಮೂಲೆಯಲ್ಲಿ ಜಾಸ್ತಿ. ಅವರು ಆ ಮೂಲೆಗೆ ಏಣಿ ಎಳೆದುಕೊಂಡು ಹೋಗುತ್ತಿದ್ದರು. ಅಂಗಿಯ ತೋಳು ಮಡಚಿ, ಮೈಯೆಲ್ಲ ಧೂಳಾಗಿ, ಬೆವರು ಸುರಿಸುತ್ತಾ ಅವರು ಕೆಲಸದಲ್ಲಿದ್ದರು.

ಅರ್ಧ ಗೋಡೆ ಮುಗಿಯುವಷ್ಟರಲ್ಲಿ ನನಗೆ ಆ ವಾಸನೆ ತೆಳುವಾಯಿತು. ಆಮೇಲೆ ಆಗೊಮ್ಮೆ ಈಗೊಮ್ಮೆ ಸಿಕ್ಕಿತು. ನಾನು ಹೊರಗೆ ಬೀದಿಗೆ ಹೋಗಿ ಉಸಿರಾಡಿ ಮತ್ತೆ ಬಂದು ನೋಡಿದೆ. ಇರಲಿಲ್ಲ. ಕೋಣೆಯಿಂದ ಹೋಯಿತೋ ನನ್ನ ಮೂಗಿನಿಂದ ಹೋಯಿತೋ ನನಗೆ ತಿಳಿಯಲಿಲ್ಲ. ಅವರ ಕುತ್ತಿಗೆಯ ಹತ್ತಿರ ಬಗ್ಗಿದೆ, ಹಲಗೆ ತೆಗೆದುಕೊಳ್ಳುವ ನೆವದಲ್ಲಿ. ಅಲ್ಲೂ ಬರೀ ಧೂಳು, ಬೆವರು.

ಅವರು ಮೇಲಿನಿಂದ, ಸುತ್ತಿಗೆ ಎತ್ತಿಕೊಂಡೇ, ನನ್ನ ಕಡೆ ತಿರುಗಿದರು. "ಹೇಳೇ, ಇನ್ನೂ ಬರ್ತೈತಾ?"

ನಾನು ಕಣ್ಣು ಮುಚ್ಚಿದೆ. ಒಂದು ಉಸಿರು ಎಳೆದುಕೊಂಡೆ.

"ಬರ್ತೈತೆ" ಎಂದೆ. "ಇನ್ನೊಂದು ಇಳಿಸಿ."